ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ

ಜನವರಿ ೧೯, ರವಿವಾರ

ಸೋತೆ. ಎರಡೇ ಓಟಿನಿಂದ. ಇನ್ನೂರು ಓಟಿನಿಂದ ಸೋತಿದ್ದರೆ ಉಂಡು ಮಲಗಿಬಿಡುತ್ತಿದ್ದೆ. ಎರಡು ಓಟು ಎಂದರೆ ಹಲ್ಲಿನಲ್ಲಿ ಸಿಕ್ಕ ನಾರು, ನಾಲಿಗೆ ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತದೆ.

ನಮ್ಮ ಮನೆಯ ಮಾಸ್ತರರು ತೀರಿಹೋಗಿ ಎಂಟು ತಿಂಗಳಾಯಿತು. ಕಮಲಾಪುರದ ಕೆಂಬಾಳೆ ಬೆಳೆಗಾರರ ಸಂಘದಲ್ಲಿ ಇಪ್ಪತ್ತು ವರ್ಷ ನಿರ್ದೇಶಕರಾಗಿದ್ದವರು. ಸಂಘದ ಗೋಡೆಯ ಫಲಕದಲ್ಲಿ ಅವರ ಹೆಸರು ಇನ್ನೂ ಇದೆ, ‘ಲಾಲ ಅಹಮ್ಮದ’ ಎಂದು ತಪ್ಪಾಗಿ. ಕನ್ನಡ ಕಲಿಸುವವಳ ಗಂಡನ ಹೆಸರಿಗೇ ಈ ಗತಿ. ಗೆದ್ದಿದ್ದರೆ ‘ದಿಲ್ಶಾದ್ ಬೇಗಂ ಗಂಡ ಲಾಲ್ ಅಹ್ಮದ್’ ಎಂದು ಸರಿಯಾಗಿ ಬರೆಸುತ್ತಿದ್ದೆ. ನಮ್ಮ ಕಡೆ ಕಾಗದಪತ್ರದಲ್ಲಿ ಹೆಂಗಸಿನ ಹೆಸರು ಹಾಗೇ, ಗಂಡನನ್ನು ಬಾಲಕ್ಕೆ ಕಟ್ಟಿ. ನೌಕರಿಯುದ್ದಕ್ಕೂ ಅದನ್ನು ಕಂಡರೆ ಸಿಟ್ಟು ಬರುತ್ತಿತ್ತು. ಈಗ ಆ ಬಾಲವೇ ಬೇಕಾಗಿದೆ. ಹಾಗಾದರೂ ಹೆಸರು ಗೋಡೆಯ ಮೇಲೆ ಉಳಿಯುತ್ತಿತ್ತು. ಇನ್ನು ಬಣ್ಣ ಬಳಿಯುತ್ತಾರೆ. ಅವರ ಜಾಗಕ್ಕೆ ಚುನಾವಣೆಗೆ ನಾನು ನಿಂತದ್ದು ಇಷ್ಟಕ್ಕೇ, ಬೇರೆ ಯಾವ ಆಸೆಗೂ ಅಲ್ಲ.

ಎದುರಿಗೆ ನಿಂತವನು ದೌಲಪ್ಪ. ಮಾಸ್ತರರ ಜೊತೆ ಒಂದೇ ಶಾಲೆಯಲ್ಲಿ ಕಲಿಸಿದವನು, ನಮ್ಮ ಮನೆಯ ಎಷ್ಟು ಈದಿನ ಶೀರ್ ಖುರ್ಮಾ ಕುಡಿದವನು. ಉಂಡ ಮನೆಯ ಜಂತಿ ಎಣಿಸುವುದು ಎಂದರೆ ಇದೇ. ನಿಂತದ್ದು ಸಾಲದೆಂದು ಚಿಹ್ನೆ ಕೊಡುವಾಗ ಕಂದೀಲನ್ನೂ ಕೇಳಿದ್ದ. ಕಂದೀಲು ನಾಲ್ಕು ಚುನಾವಣೆ ಮಾಸ್ತರರದು. ನಾನೂ ಕೇಳಿದೆ. ಚೀಟಿ ಎತ್ತಿದರು, ಅವನ ಪಾಲಿಗೆ ಹೋಯಿತು. ನನಗೆ ಹೊಲಿಗೆ ಯಂತ್ರ. ಅವತ್ತೇ ಅವನ ಮನೆಗೆ ಹೋಗಿ ಹೇಳಿ ಬಂದಿದ್ದೆ, “ನನ್ನ ಮ್ಯಾಲ ದಯಾ ತೋರ್ಸಿ ಹಿಂದ ಸರದ್ರ ಜನ್ಮದಾಗ ನಿಮ್ಮ ಹೊಸ್ತಿಲ ತುಳಿಯಂಗಿಲ್ಲ” ಎಂದು. ಸರಿಯಲಿಲ್ಲ. ಸರಿಯಬೇಕಿತ್ತು.

ಓಟು ಮಾಸ್ತರರ ಹಳೆಯ ಶಾಲೆಯಲ್ಲೇ. ಪರದೆಯ ಹಿಂದೆ ಹೋದೆ. ಮಸಿಯ ಪ್ಯಾಡಿನ ವಾಸನೆ ಮೂಗಿಗೆ ಬಡಿಯಿತು. ಸರ್ಕಾರಿ ಚುನಾವಣೆಗಳ ಎಣಿಕೆಯ ಕೆಲಸ ಮುಗಿಸಿ ಬಂದ ದಿನ ಅವರ ಅಂಗಿಗೆ ಇದೇ ವಾಸನೆ ಇರುತ್ತಿತ್ತು. ಕಣ್ಣು ತುಂಬಿ ಬಂತು. ಕಂದೀಲು ಕಂಡಿತು. ಶಿಕ್ಕಾ ಒತ್ತಿದೆ, ಮಸಿ ಆರಲೆಂದು ಊದಿದೆ, ಅಂಚಿಗೆ ಅಂಚು ಕೂಡಿಸಿ ಉಗುರಿನಿಂದ ಗೆರೆ ಎಳೆದು ಮಡಚಿದೆ. ‘ಪೈಲೇ ಖಡಾ, ಫಿರ್ ಆಡಾ’ ಎನ್ನುತ್ತಾರೆ ಮಾಸ್ತರರು. ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ. ಪೆಟ್ಟಿಗೆಗೆ ಹಾಕಿ ಹೊರಗೆ ಬಂದರೆ ದೌಲಪ್ಪ ನಿಂತಿದ್ದ. ಮುಖ ತಿರುಗಿಸಿಕೊಂಡು ಬಂದೆ.

ಸಂಜೆಗೆ ಎಣಿಕೆ. ದೌಲಪ್ಪ ೧೮೭, ನಾನು ೧೮೫, ತಿರಸ್ಕೃತ ನಾಲ್ಕು. ಮರುಎಣಿಕೆ ಬೇಕೆಂದೆ. ಬಾಯಿಮಾತು ನಡೆಯುವುದಿಲ್ಲ, ಫಲಿತಾಂಶ ಘೋಷಿಸುವ ಮೊದಲು ಬರೆದು ಕೊಡಬೇಕು ಎಂದರು ಅಧಿಕಾರಿ. ಕೈಚೀಲದಲ್ಲಿ ಪೆನ್ನು ಹುಡುಕಿದೆ. ಗುಳಿಗೆ ಇತ್ತು, ಕನ್ನಡಕ ಇತ್ತು, ಬಸ್ಸಿನ ಚೀಟಿ ಇತ್ತು. ಜನ್ಮವಿಡೀ ಪೆನ್ನು ಇಲ್ಲದೆ ಬಂದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದವಳು ನಾನು. ಪೆನ್ನು ಸಿಗುವಷ್ಟರಲ್ಲಿ ಅವರು ಓದಿಯೇಬಿಟ್ಟರು.

ಜನವರಿ ೨೦, ಸೋಮವಾರ

ಉಪ್ಪಿಟ್ಟಿಗೆ ಉಪ್ಪು ಮರೆತೆ. ಮಗನೂ ಸೊಸೆಯೂ ತುಟಿ ಪಿಟ್ಟೆನ್ನದೆ ತಿಂದರು. ಸೋತವಳ ಮನೆಯಲ್ಲಿ ಉಪ್ಪು ಕೇಳಬಾರದೇನೋ.

ಜನವರಿ ೨೪, ಶುಕ್ರವಾರ

ದಾವೆ ಹಾಕಿದೆ. ಘೋಷಣೆಯಾದ ಮೇಲೆ ಚುನಾವಣಾ ಅಧಿಕಾರಿಯ ಕೈಯಲ್ಲಿ ಏನೂ ಇಲ್ಲವಂತೆ. ಸಹಕಾರ ಸಂಘಗಳ ತಕರಾರು ನೋಡುವ ಕಚೇರಿಗೆ ಅರ್ಜಿ ಕೊಡಬೇಕು. ಸುಮ್ಮನೆ ‘ಮತ್ತೆ ಎಣಿಸಿ’ ಎಂದರೆ ಆಗದು, ಯಾವ ಓಟಿನ ಬಗ್ಗೆ ಯಾಕೆ ಸಂಶಯ ಎಂದು ಹೇಳಬೇಕು. ಹೇಳಿದ್ದೇನೆ. ತಿರಸ್ಕರಿಸಿದ ನಾಲ್ಕರಲ್ಲಿ ಒಂದಕ್ಕೆ ಎರಡು ಶಿಕ್ಕಾ ಇತ್ತು. ದೂರದಿಂದ ನೋಡಿದ್ದೆ. ಒಂದು ಗಾಢ, ಒಂದು ತೆಳು.

ಮಗ ಸರ್ಫರಾಜ್ ಕಪನೂರಿನ ತನ್ನ ವೆಲ್ಡಿಂಗ್ ಶೆಡ್ಡಿನಿಂದ ಊಟಕ್ಕೆ ಬಂದವನು ಕೇಳಿದ, ಈ ಕಾಲದಲ್ಲಿ ಕಾಗದ ಎಣಿಸುವ ಹುಚ್ಚು ಯಾಕಮ್ಮೀ, ಓಟಿನ ಯಂತ್ರ ಇಟ್ಟರೆ ಆಗದೇ ಎಂದು. ಯಂತ್ರಕ್ಕೂ ಈಗ ಕಾಗದದ ಸಾಕ್ಷಿ ಬೇಕಲ್ಲ ಎಂದೆ. ಗುಂಡಿ ಒತ್ತಿದರೆ ಗಾಜಿನ ಹಿಂದೆ ಚೀಟಿ ತೋರಿಸಿ ಬೀಳಿಸುತ್ತದೆ. ಎಣಿಕೆಯ ದಿನ ಒಂದು ವಿಧಾನಸಭಾ ಕ್ಷೇತ್ರಕ್ಕೆ ಐದು ಮತಗಟ್ಟೆ ಚೀಟಿಯೆತ್ತಿ ಆರಿಸಿ, ಆ ಚೀಟಿಗಳನ್ನು ಕೈಯಲ್ಲೇ ಎಣಿಸಿ ಯಂತ್ರದ ಲೆಕ್ಕಕ್ಕೆ ತಾಳೆ ನೋಡುತ್ತಾರೆ. ಸುತ್ತಿ ಬಳಸಿ ಕೈಗೇ ಬಂದರು. ಅವನು ಅಪ್ಪನ ಹಾಗೇ ನಕ್ಕ, ಬಾಯಿ ಮುಚ್ಚಿಕೊಂಡು. ಮನೆಯಲ್ಲಿ ಮಾತೆಲ್ಲ ದಖನಿ ಉರ್ದು. ಸಿಟ್ಟು ಮಾತ್ರ ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ, ಇವರಾರಿಗೂ ನನ್ನ ಕೂಡಕ್ಷರ ಬಿಡಿಸುವ ತಾಳ್ಮೆ ಇಲ್ಲ.

ಇವನು ಹುಟ್ಟಿದ್ದೇ ಎಣಿಕೆಯ ದಿನ. ಎಂಬತ್ತೊಂಬತ್ತನೇ ಇಸವಿ, ನಮ್ಮ ಕಲಬುರಗಿ ಆಗಿನ್ನೂ ಗುಲಬರ್ಗಾ. ಮಾಸ್ತರರು, ದೌಲಪ್ಪ ಇಬ್ಬರಿಗೂ ಎಣಿಕೆಯ ಕೆಲಸ. ಒಳಗೆ ಹೋದವರು ಮುಗಿಯುವ ತನಕ ಹೊರಗೆ ಬರುವ ಹಾಗಿಲ್ಲ. ಮಗು ಹುಟ್ಟಿದ ಸುದ್ದಿ ಪೊಲೀಸರ ಬಾಯಿಂದ ಬಾಯಿಗೆ ಹೋಗಿ ಒಳಗೆ ಮುಟ್ಟುವಾಗ ‘ಲಾಲ್ ಅಹ್ಮದ್ ಗೆದ್ದ’ ಎಂದಾಗಿತ್ತಂತೆ. ಯಾವ ಕ್ಷೇತ್ರದಿಂದ ಎಂದು ಎಲ್ಲರೂ ಕಕ್ಕಾಬಿಕ್ಕಿ.

ಎಂಥ ಎಣಿಕೆ ಅದು. ಊರೂರಿನ ಪೆಟ್ಟಿಗೆ ತೆರೆದು, ಚೀಟಿಗಳನ್ನು ದೊಡ್ಡ ಡ್ರಮ್ಮಿಗೆ ಸುರಿದು ಕಲೆಸುವುದು. ಯಾವ ಊರು ಯಾರಿಗೆ ಹಾಕಿತು ಎಂದು ಗೊತ್ತಾಗಿ ಆ ಊರಿಗೆ ತೊಂದರೆ ಆಗಬಾರದಲ್ಲ, ಅದಕ್ಕೆ. ಆಮೇಲೆ ವಿಂಗಡಿಸಿ ಕಟ್ಟು ಕಟ್ಟುವುದು. ಮಾಸ್ತರರು ಮನೆಗೆ ಬಂದು ಎಲ್ಲ ಹೇಳುತ್ತಾರೆ, ನಾನು ಬಾಣಂತಿ, ಕೇಳುತ್ತೇನೆ. ಶಿಕ್ಕಾದಲ್ಲಿ ಅಡ್ಡಗುರುತಿನ ನಾಲ್ಕು ತುದಿಗೂ ಬಾಣ ಯಾಕೆ ಗೊತ್ತೇ ಎಂದು ಕೇಳುತ್ತಾರೆ. ಹಸಿ ಮಸಿಯ ಚೀಟಿ ಅಡ್ಡಕ್ಕೆ ಮಡಚಿದರೆ ಗುರುತು ಇನ್ನೊಬ್ಬನ ಸಾಲಿನ ಮೇಲೂ ಮೂಡುತ್ತದೆ. ಆದರೆ ಮೂಡಿದ್ದರಲ್ಲಿ ಬಾಣ ಕನ್ನಡಿಯ ಹಾಗೆ ಉಲ್ಟಾ ತಿರುಗಿರುತ್ತದೆ. ಅಸಲು ಯಾವುದು ನೆರಳು ಯಾವುದು ಎಂದು ಬಾಣವೇ ಹೇಳುತ್ತದೆ. ಉದ್ದಕ್ಕೆ ಮಡಚಿದರೆ ಆ ತಾಪತ್ರಯವೇ ಇಲ್ಲ, ನೆರಳು ಬಿದ್ದರೂ ಅದೇ ಸಾಲಿನಲ್ಲಿ.

ಹಳೆಯ ಪೇಪರು ತಂದು ನನಗೆ ಮಡಚಲು ಕಲಿಸಿದ್ದು ಆವಾಗಲೇ. ಅಡ್ಡಕ್ಕೆ ಹೋದರೆ ‘ನಕ್ಕೋ, ನಕ್ಕೋ’, ಬೇಡ ಬೇಡ ಎಂದು ಕೈ ಹಿಡಿಯುತ್ತಿದ್ದರು. ಕೈ ಹಿಡಿಯಲಿ ಎಂದೇ ಎಷ್ಟೋ ಸಲ ಅಡ್ಡಕ್ಕೆ ಮಡಚಿದ್ದೇನೆ. ಆಮೇಲೆ ನಮ್ಮ ಮನೆಯಲ್ಲಿ ಕರವಸ್ತ್ರ, ಪೇಪರು, ಔಷಧಿ ಚೀಟಿ ಎಲ್ಲ ಅದೇ ಕ್ರಮ. ದೌಲಪ್ಪನಿಗೆ ಮಾತ್ರ ಕೊನೆಯವರೆಗೂ ಬರಲಿಲ್ಲ, ಓಟಿನ ಚೀಟಿಯನ್ನೂ ಬೀಡಾ ಸುತ್ತಿದ ಹಾಗೆ ಸುತ್ತುತ್ತಾನೆ.

ಫೆಬ್ರವರಿ ೨, ರವಿವಾರ

ಎಂಟು ತಿಂಗಳ ಮೇಲೆ ನಮ್ಮ ಬಾಳೆ ತೋಟಕ್ಕೆ ಹೋದೆ. ಚುನಾವಣೆಗೆಂದು ಕಮಲಾಪುರಕ್ಕೆ ಎಷ್ಟು ಸಲ ಹೋಗಿದ್ದೆ, ತೋಟದ ದಾರಿ ಮಾತ್ರ ತುಳಿದಿರಲಿಲ್ಲ. ಒಣಗಿ ಹಾಳಾಗಿರುತ್ತದೆ ಎಂದುಕೊಂಡಿದ್ದೆ. ಕೆಂಬಾಳೆ ಸಾಮಾನ್ಯ ಬಾಳೆಯಲ್ಲ, ಆಳೆತ್ತರಕ್ಕೂ ಮೀರಿ ಬೆಳೆದು ವರ್ಷದ ಮೇಲೆ ಗೊನೆ ಹಾಕುತ್ತದೆ. ಗೊಬ್ಬರ ನೀರು ತಪ್ಪಿದರೆ ಮುನಿಸಿಕೊಳ್ಳುತ್ತದೆ, ಊರುಗೋಲು ಕೊಡದಿದ್ದರೆ ಮಲಗಿಬಿಡುತ್ತದೆ.

ಹೋಗಿ ನೋಡಿದರೆ ಗಿಡಗಳು ನೆಟ್ಟಗೆ ನಿಂತಿವೆ. ಪ್ರತಿ ಗಿಡಕ್ಕೂ ಊರುಗೋಲು. ದೌಲಪ್ಪನ ಹೆಂಡತಿ ಗುಂಡಮ್ಮ ಪಕ್ಕದ ಬದುವಿನಿಂದ ಬಂದಳು. ಅವರ ತೋಟ ನಮ್ಮದಕ್ಕೆ ಅಂಟಿಕೊಂಡೇ ಇದೆ.

“ಕೋಲು ಯಾರು ಕೊಟ್ಟಾರವ್ವ?” ಎಂದೆ.

“ಗಾಳಿ ಬಂದು ಕೊಟ್ಟು ಹೋಗ್ಯದ” ಎಂದಳು ಗುಂಡಮ್ಮ. “ನೀವು ಮಾತಾಡಂಗಿಲ್ಲಂತ ಗಿಡನೂ ಬೀಳ್ಬೇಕೇನ್ರಿ?”

ಕೇಳದೆ ನಮ್ಮ ತೋಟಕ್ಕೆ ಕಾಲಿಟ್ಟದ್ದು ತಪ್ಪೇ ಎಂದು ದಾರಿಯುದ್ದಕ್ಕೂ ಅಂದುಕೊಂಡು ಬಂದೆ. ಕಪನೂರು ದಾಟುವವರೆಗೂ ಅಂದುಕೊಂಡೆ. ಆಮೇಲೆ ನಿದ್ದೆ ಬಂತು.

ಫೆಬ್ರವರಿ ೧೧, ಮಂಗಳವಾರ

ದಾವೆಯ ತಾರೀಖು ಮುಂದಕ್ಕೆ ಹೋಯಿತು. ಹೇಗೂ ಹೊರಬಿದ್ದಿದ್ದೇನಲ್ಲ ಎಂದು ಅಲ್ಲಿಂದಲೇ ಕಮಲಾಪುರದ ಬಸ್ಸು ಹತ್ತಿದೆ. ಗೊಬ್ಬರ ಹಾಕಿಸುವುದಿತ್ತು. ಸಂಜೆ ಕಾಲು ನೋವು. ಒಂದೇ ನಿದ್ದೆಗೆ ಬೆಳಗಾಗುವ ಹಾಗಿದೆ.

ಫೆಬ್ರವರಿ ೨೬, ಬುಧವಾರ

ಶಿವರಾತ್ರಿ. ನಮ್ಮ ತೋಟದಲ್ಲಿ ಮೊದಲ ಗೊನೆ ಹಣ್ಣಾಗಿದೆ. ಮಾಸ್ತರರು ಪ್ರತಿ ವರ್ಷ ಶಿವರಾತ್ರಿಗೆ ಒಂದು ಚಿಪ್ಪು ದೌಲಪ್ಪನ ಮನೆಗೆ ಕೊಡುತ್ತಿದ್ದರು, ಉಪವಾಸದವರಿಗೆ ಎಂದು. ಈ ವರ್ಷ ತಪ್ಪಿಸಿದರೆ ಹಣ್ಣಿನದೇನು ತಪ್ಪು? ತೆಗೆದುಕೊಂಡು ಹೋದೆ. ಹೊಸ್ತಿಲ ಹೊರಗೇ ನಿಂತು ಕೊಟ್ಟು ಬರಬೇಕೆಂದಿದ್ದೆ. ಗುಂಡಮ್ಮ ಕೈ ಹಿಡಿದು ಒಳಗೆ ಎಳೆದಳು. ತುಳಿಯುವುದಿಲ್ಲ ಎಂದದ್ದು ಹಿಂದೆ ಸರಿದರೆ ತಾನೇ, ಅವರು ಸರಿದಿಲ್ಲವಲ್ಲ.

ದೌಲಪ್ಪ ಪಡಸಾಲೆಯಲ್ಲಿ ಕೂತಿದ್ದರು. ಎದ್ದರು. ಕೂಡಲಿಲ್ಲ.

“ಭಾಬಿ, ನೀವು ನಿಲ್ಲತೀರಂತ ನನಗ ಗೊತ್ತಿರಲಿಲ್ಲರಿ. ನೀವು ಅರ್ಜಿ ಕೊಟ್ಟಿದ್ದು ಕಡೀ ದಿನ. ನಾ ಅದರ ಹಿಂದಿನ ವಾರನ ಕೊಟ್ಟಿದ್ದೆ.”

“ಕಂದೀಲು?”

ಅವರು ಹೆಂಡತಿಯ ಮುಖ ನೋಡಿದರು. ಗುಂಡಮ್ಮನೇ ಹೇಳಿದಳು. “ನಾಕ ಸಲ ಲಾಲ್ ಅಹ್ಮದ್ ಮಾಸ್ತರ ಹಿಡದದ್ದು, ಯಾರೋ ದಾರೀಲಿ ಹೋಗೋರ ಪಾಲಾಗಬಾರದಂತ ಕೇಳ್ಯಾರ್ರಿ. ಚಿಹ್ನೆ ಕೊಡೂ ದಿನ ನಿಮ್ಮನ್ನ ಕಂಡು ತಿರಗಿ ಕೊಡಲಾಕ ಹೋದ್ರ, ಚೀಟಿ ಎತ್ತಿ ಆಗ್ಯದ ಅಂದ್ರಂತ ಸಾಹೇಬ್ರು.”

ಇದನ್ನು ಅವತ್ತೇ ಹೇಳಬಹುದಿತ್ತಲ್ಲ ಎಂದೆ. “ನೀವು ಎಲ್ಲಿ ಬಾಯಿ ತೆಗಿಲಾಕ ಕೊಟ್ಟೀರಿ?” ಎಂದಳು ಗುಂಡಮ್ಮ. ಅದೂ ನಿಜವೇ. ತರಗತಿಯಲ್ಲೂ ನಾನು ಹಾಗೇ ಇದ್ದೆ ಎಂದು ಸ್ಟಾಫ್ ರೂಮಿನಲ್ಲಿ ಹೇಳುತ್ತಿದ್ದರು.

ಆದರೂ ದಾವೆ ದಾವೆಯೇ. ಹಿಂದಕ್ಕೆ ತೆಗೆಯುವುದಿಲ್ಲ ಎಂದು ಅವರ ಮುಖಕ್ಕೇ ಹೇಳಿದೆ. “ತೆಗೀಬ್ಯಾಡ್ರಿ ಭಾಬಿ” ಎಂದರು. “ಎರಡು ಶಿಕ್ಕಾದ್ದು ನನಗೂ ಅನುಮಾನ ಅದ. ನಾವಿಬ್ಬರೂ ಎಣಿಸ್ತಿದ್ದಾಗ ಅಂಥಾದು ಒಂದು ಬಂದ್ರ ಅವ ದೀಪಕ್ಕ ಹಿಡದು ತಿರಗಿಸಿ ತಿರಗಿಸಿ ನೋಡ್ತಿದ್ದ. ನನಗ ನಿದ್ದಿ, ಅವಗ ಬಾಣ.”

ಹೊರಗೆ ಬಂದು ಬಸ್ಸಿನ ಕಡೆ ನಡೆದೆ. ಆ ಎಣಿಕೆಯ ಕೋಣೆಯಲ್ಲಿ ಮಾಸ್ತರರನ್ನು ಕಂಡವರು ಈಗ ಉಳಿದಿರುವುದು ಇವರೊಬ್ಬರೇ. ನಾನು ಕಂಡದ್ದು ಮನೆಗೆ ಬಂದ ಮಾಸ್ತರರನ್ನು. ಇನ್ನರ್ಧ ಇವರ ಬಳಿ ಇದೆ, ನಾನು ಇವರ ಮೇಲೆ ಮುನಿಸಿಕೊಂಡು ಕೂತಿದ್ದೆ.

ಮಾರ್ಚ್ ೫, ಬುಧವಾರ

ಮರುಎಣಿಕೆಗೆ ಆದೇಶವಾಯಿತು. ಮುಂದಿನ ಬುಧವಾರ, ಕಲಬುರಗಿಯಲ್ಲೇ.

ರಂಜಾನಿನ ನಾಲ್ಕನೆಯ ರೋಜಾ. ಅವರಿಲ್ಲದ ಮೊದಲ ರಂಜಾನು. ಉಪವಾಸ ಬಿಡುವ ಹೊತ್ತಿಗೆ ಖರ್ಜೂರದ ಜೊತೆ ಕೆಂಬಾಳೆ ಹೆಚ್ಚಿಟ್ಟೆ. ಹೋಳು ಒಂದೇ ಅಳತೆಗೆ ಬರಬೇಕೆಂದು ಹಟ ಮಾಡುತ್ತಿದ್ದರು. ಅವರು ಹೇಳುತ್ತಿದ್ದ ಹಾಗೇ ಹೆಚ್ಚಿದೆ. ಸರ್ಫರಾಜ್ ಹೊಗಳಿ ತಿಂದ. ಹಣ್ಣು ನಾನು ಬೆಳೆಸಿದ್ದು ಎಂದೆ. ದೌಲಪ್ಪಣ್ಣನ ಕೋಲಿನ ವಿಷಯ ಹೇಳಲಿಲ್ಲ, ನಾಳೆ ಹೇಳುತ್ತೇನೆ.

ಮಾರ್ಚ್ ೧೨, ಬುಧವಾರ

ಇವತ್ತಿನದು ಪೂರ್ತಿ ಬರೆಯಬೇಕು.

ಮೇಜಿನ ಈಚೆ ನಾನು, ಸರ್ಫರಾಜ್. ಆಚೆ ದೌಲಪ್ಪಣ್ಣ. ನಡುವೆ ಅಧಿಕಾರಿ, ನಡುವಯಸ್ಸಿನ ಹೆಣ್ಣುಮಗಳು, ಕೆಲಸ ಬಲ್ಲವರು. ಮೊದಲು ಟ್ರಂಕಿನ ಅರಗಿನ ಮುದ್ರೆ ಒಡೆದಿಲ್ಲ ಎಂದು ಇಬ್ಬರಿಗೂ ತೋರಿಸಿ ಸಹಿ ಪಡೆದರು. ಈ ಸಲ ನನ್ನ ಚೀಲದಲ್ಲಿ ಮೂರು ಪೆನ್ನು. ಆಮೇಲೆ ಚೀಟಿಗಳನ್ನು ಬೋರಲು ಹಾಕಿ ಒಟ್ಟು ಎಣಿಸಿ, ಓಟು ಹಾಕಿದವರ ಲೆಕ್ಕಕ್ಕೆ ತಾಳೆ ನೋಡಿದರು. ಸರಿಯಾಯಿತು.

ತಿರಸ್ಕರಿಸಿದ ನಾಲ್ಕು ಮೊದಲು. ಒಂದು ಖಾಲಿ. ಒಂದಕ್ಕೆ ಶಿಕ್ಕಾ ಬದಲು ಹೆಬ್ಬೆಟ್ಟು. ಒಂದರ ಗುರುತು ಕಂದೀಲಿಗೂ ಹೊಲಿಗೆ ಯಂತ್ರಕ್ಕೂ ನಡುವಿನ ಗೆರೆಯ ಮೇಲೇ ಕೂತಿತ್ತು, ಯಾರಿಗೂ ಸಲ್ಲದು. ನಾಲ್ಕನೆಯದು ಎರಡು ಶಿಕ್ಕಾದ್ದು. ಅಧಿಕಾರಿ ಅದನ್ನು ಕಿಟಕಿಗೆ ಹಿಡಿದರು. ಚೀಟಿಗೆ ಅಡ್ಡ ಮಡಿಕೆ ಒಂದೇ ಇತ್ತು. ಯಂತ್ರದ ಮೇಲಿನ ಗುರುತಿನ ಬಾಣ ಸರಿ, ಕಂದೀಲಿನ ಮೇಲಿನದು ಉಲ್ಟಾ. “ಇದು ಮಡಿಕೆ ನೆರಳು. ಓಟು ಬೇಗಂ ಅವರದು” ಎಂದರು. ದೌಲಪ್ಪಣ್ಣ ನನಗಿಂತ ಮೊದಲೇ ತಲೆಯಾಡಿಸಿದರು.

೧೮೭, ೧೮೬. ಇನ್ನೊಂದು ಸಿಕ್ಕರೆ ಸಮ, ಸಮವಾದರೆ ಚೀಟಿ ಎತ್ತುತ್ತಾರೆ. ಸರ್ಫರಾಜ್ ನನ್ನ ಕೈ ಹಿಡಿದುಕೊಂಡ. ನನ್ನ ಕಟ್ಟು ಎಣಿಸಿದರು, ಸರಿ ಇತ್ತು. ದೌಲಪ್ಪಣ್ಣನ ಕಟ್ಟು ಬಿಚ್ಚಿ ಒಂದೊಂದೇ ಚೀಟಿ ನನ್ನ ಮುಂದೆ ತಿರುಗಿಸುತ್ತ ಬಂದರು. ಜನ ಹೇಗೆಲ್ಲ ಮಡಚುತ್ತಾರೆ. ನಾಲ್ಕು ಮಡಿಕೆ, ಎಂಟು ಮಡಿಕೆ, ಮುದ್ದೆ ಮಾಡಿದ್ದು. ಬೀಡಾ ಸುತ್ತಿದ್ದೊಂದು ಬಂತು. ದೌಲಪ್ಪಣ್ಣ ಮೇಲೆ ನೋಡಿದರು, ನನಗೆ ನಗು ಬಂತು.

ಆಮೇಲೆ ಅದು ಬಂತು.

ಅಂಚಿಗೆ ಅಂಚು ಕೂಡಿದ್ದು. ನಡುವೆ ಉದ್ದಕ್ಕೆ, ಉಗುರಿನಿಂದ ಎಳೆದ ಗೆರೆ. ಅದರ ಮೇಲೆ ಒಂದೇ ಒಂದು ಅಡ್ಡ ಮಡಿಕೆ. ಶಿಕ್ಕಾ ಕಂದೀಲಿನ ಗಾಜಿನ ನಟ್ಟನಡುವೆ.

ಇಡೀ ಕಟ್ಟಿನಲ್ಲಿ, ಇಡೀ ಸಂಘದಲ್ಲಿ ಹಾಗೆ ಮಡಚುವವರು ಇಬ್ಬರೇ ಇದ್ದರು. ಒಬ್ಬರು ಹೋಗಿ ಹತ್ತು ತಿಂಗಳಾಯಿತು.

ಹೊಲಿಗೆ ಯಂತ್ರದ ಮೇಲೆ ಒತ್ತಿದ್ದು ನೆನಪು ಮಾಡಿಕೊಳ್ಳಲು ನೋಡಿದೆ. ನೆನಪಿಲ್ಲ. ಅವತ್ತು ಆ ಯಂತ್ರವನ್ನು ನೋಡಿದ್ದೇ ನೆನಪಿಲ್ಲ. ಮಸಿಯ ವಾಸನೆ ನೆನಪಿದೆ. ಕಂದೀಲು ಕಂಡದ್ದು ನೆನಪಿದೆ. ಅವರ ಹೆಸರಿಗೆ ನಾಲ್ಕು ಚುನಾವಣೆ ಒತ್ತಿದ ಕೈ ಐದನೆಯದಕ್ಕೂ ಅಲ್ಲಿಗೇ ಹೋಗಿದೆ. ಆ ಒಂದು ಓಟು ನನಗೆ ಬಿದ್ದಿದ್ದರೆ ನನ್ನವು ೧೮೭ ಆಗುತ್ತಿದ್ದವು, ದೌಲಪ್ಪಣ್ಣನವು ೧೮೬.

“ಬೇಗಂ ಅವರೇ, ಈ ಚೀಟಿಗೆ ಆಕ್ಷೇಪ ಇದೆಯೇ?” ಎಂದು ಅಧಿಕಾರಿ ಕೇಳಿದರು.

“ಇಲ್ಲರಿ. ಬರೋಬ್ಬರಿ ಅದ” ಎಂದೆ. “ಎಲ್ಲಾದ್ರಕಿಂತ ಛಂದ ಮಡಚ್ಯಾರ.”

ಫಲಿತಾಂಶ ಬದಲಾಗಲಿಲ್ಲ. ಸರ್ಫರಾಜ್ ಮೇಲಿನ ಕೋರ್ಟು ಎಂದ. ಸಾಕು ಬಿಡು ಎಂದೆ. ಹೊರಗೆ ಬೇವಿನ ಮರದ ಕೆಳಗೆ ದೌಲಪ್ಪಣ್ಣ ಮುಖ ಸಣ್ಣದು ಮಾಡಿಕೊಂಡು ನಿಂತಿದ್ದರು, ಗೆದ್ದವರ ಹಾಗೆ ಇರಲಿಲ್ಲ.

“ಭಾಬಿ, ನಾ ರಾಜೀನಾಮಾ ಕೊಡ್ತೀನ್ರಿ. ಆ ಕುರ್ಚಿ ನಿಮ್ಮ ಮನಿದು.”

“ಕೊಟ್ಟೀರಿ ಮತ್ತ” ಎಂದೆ. “ನನ್ನ ಓಟು ದಂಡ ಆಗ್ತದ.”

ಅವರು ನನ್ನನ್ನೇ ನೋಡಿದರು. ಎಷ್ಟೋ ಎಣಿಕೆ ಮಾಡಿದವರು, ಓಟು ಯಾರಿಗೆ ಎಂದು ಯಾರನ್ನೂ ಕೇಳಬಾರದೆಂದು ಬಲ್ಲರು. ಕಣ್ಣೊರೆಸಿಕೊಂಡರು. ನಾನೂ ಒರೆಸಿಕೊಂಡೆ. ಸರ್ಫರಾಜ್ ಏನೂ ತಿಳಿಯದೆ ರಿಕ್ಷಾ ತರಲು ಹೋದ.

ಮನೆಗೆ ಬಂದು ಜನವರಿ ಹತ್ತೊಂಬತ್ತರ ಪುಟ ತೆಗೆದೆ. ಕಂದೀಲು ಕಂಡಿತು, ಶಿಕ್ಕಾ ಒತ್ತಿದೆ ಎಂದು ನಾನೇ ಬರೆದಿದ್ದೇನೆ. ಮಕ್ಕಳ ಪ್ರಬಂಧ ತಿದ್ದುವುದರಲ್ಲೇ ಆಯುಷ್ಯ ಕಳೆದವಳಿಗೆ ತನ್ನ ಎರಡು ವಾಕ್ಯ ಓದಲು ಬರಲಿಲ್ಲ. ಅತ್ತುಬಿಟ್ಟೆ. ಆಮೇಲೆ ನಗು ಬಂತು. ಸತ್ತವರಿಗೆ ಓಟು ಹಾಕಿ, ಅದು ಬಿದ್ದಿಲ್ಲ ಎಂದು ದಾವೆ ಹೂಡಿದ್ದೆನಲ್ಲ.

ಮಾರ್ಚ್ ೧೭, ಸೋಮವಾರ

ಗೊನೆ ಇಳಿಸುವುದಿತ್ತು, ತೋಟಕ್ಕೆ ಹೋಗಿದ್ದೆ. ಬರುವಾಗ ಸಂಘದ ಮುಂದೆ ಹಾದು ಬಂದೆ. ಪೇಂಟರು ಏಣಿ ಹಾಕಿ ಫಲಕ ಬರೆಯುತ್ತಿದ್ದ. ಹಳೆಯ ಸಾಲಿಗೆ ಆಗಲೇ ಬಿಳಿ ಬಳಿದಾಗಿತ್ತು. ಹೊಸದು ಬರೆದಿದ್ದ, ‘ದಲಪ್ಪ’ ಎಂದು.

“ಏ ತಮ್ಮ, ಮೊದಲ ಅಕ್ಷರಕ್ಕ ಔತ್ವ ಎಲ್ಲದ?” ಎಂದೆ. “ಇಪ್ಪತ್ತು ವರ್ಷ ಒಂದು ಹೆಸರು ತಪ್ಪು ಬರದೀರಿ. ಇದೊಂದರೆ ಸರಿ ಬರೀರಿ.”

ಅವನು ಬಟ್ಟೆಯಿಂದ ಒರೆಸಿ ಮತ್ತೆ ಬರೆದ. ಔತ್ವದ ಕೊನೆ ಸರಿಯಾಗಿ ಸುತ್ತುವವರೆಗೆ ಬಿಸಿಲಲ್ಲೇ ನಿಂತು ನೋಡಿದೆ. ಬಸ್ಸು ಒಂದು ತಪ್ಪಿತು. ಇನ್ನೊಂದಕ್ಕೆ ಬಂದೆ.